ಉ ಗುರುತಿನ ಮನೆಗಳು

ಮತದಾನದ ಮರುದಿನ ಬೆಳಿಗ್ಗೆ ಆರೂವರೆಗೆ, ಎರಡು ಮನೆ ಆಚೆ ಇರುವ ಹೆಣ್ಣುಮಗಳು ಬಂದು ನನ್ನ ಗೇಟಿನ ಹತ್ತಿರ ನಿಂತಳು. ಆ ಹೊತ್ತಿಗೆ ನಾನು ಅಂಗಳ ಗುಡಿಸಿ, ನೀರು ಹೊಡೆದು, ಚಹಾ ಕುಡಿದು ಮುಗಿಸಿರುತ್ತೇನೆ ಎಂಬುದು ಅವಳಿಗೆ ಗೊತ್ತು. ಯಾದಗಿರಿಯ ನಮ್ಮ ಭಾಗಕ್ಕೆ ಅವಳು ಆಶಾ ಕಾರ್ಯಕರ್ತೆ. ಬಸುರಿಯರ ತಪಾಸಣೆ, ಬಾಣಂತಿಯರ ಆರೈಕೆ, ಕೂಸುಗಳ ಸೂಜಿ ಎಲ್ಲ ಅವಳ ಪಾಲಿನದು. ಅವಳು ನಮಸ್ಕಾರವನ್ನೂ ಹೇಳದೆ ಮೊಬೈಲನ್ನು ನನ್ನ ಕಡೆ ಚಾಚಿದಳು.

"ಕೇಳ್ರಿ ಅಕ್ಕಾ. ಇದು ಯಾರ ದನಿ, ನೀವೇ ಹೇಳ್ರಿ."

ಕೇಳಿದೆ. ದಖನಿ ಉರ್ದುವಿನಲ್ಲಿ ಒಬ್ಬ ಹೆಂಗಸು ಸಲಾಂ ಹೇಳಿದಳು. ನಿಮ್ಮ ಬೂತಿನ ಮತದಾನ ಮುಂದಕ್ಕೆ ಹೋಗಿದೆ, ಹೊಸ ತಾರೀಕು ಆಮೇಲೆ ತಿಳಿಸುತ್ತೇವೆ, ಬಿಸಿಲು ಬಹಳ ಇದೆ, ಇವತ್ತು ಮನೆಯಲ್ಲೇ ಇರಿ ಎಂದಳು. ಅಷ್ಟೇ. ಯಾವ ಪಕ್ಷದ ಹೆಸರೂ ಇರಲಿಲ್ಲ, ಅಭ್ಯರ್ಥಿಯ ಹೆಸರೂ ಇರಲಿಲ್ಲ.

"ನಿಂದೇ ದನಿ," ಅಂದೆ.

"ನಂದ ಅದ. ಆದ್ರ ನಾ ಹೇಳಿಲ್ರಿ, ಅಲ್ಲಾನ ಆಣಿ. ಹ್ವಾದ ವರ್ಷ ಕೂಸುಗಳ ಸೂಜಿ ಮುಂದ ಹೋದಾಗ ತಾಯಂದಿರ ಗ್ರೂಪಿನಾಗ ಹಿಂಗ ಹೇಳಿ ಹಾಕಿದ್ದೆ. ಬಿಸಿಲು ಭಾಳ ಅದ, ಮನ್ಯಾಗ ಇರ್ರಿ ಅಂತ. ಅದರಾಗಿನ ಸೂಜಿ ತಗದು ಓಟು ಕೂಡ್ಸ್ಯಾರ."

ಈ ಕರೆ ಮತದಾನದ ದಿನ ಬೆಳಿಗ್ಗೆ ಏಳು ಹೊಡೆದ ಕೆಲವೇ ನಿಮಿಷಗಳೊಳಗೆ ನಮ್ಮ ಸುತ್ತಲಿನ ಉರ್ದು ಮಾತಾಡುವ ಮನೆಗಳಿಗೆಲ್ಲ ಬಂದಿತ್ತು. ಎತ್ತಿದರೆ ಸಲಾಂ, ಮಾತು, ಕಟ್. ತಿರುಗಿ ಹಚ್ಚಿದರೆ ಯಾರೂ ಎತ್ತುತ್ತಿರಲಿಲ್ಲ. ಗಂಡಸರು ಹೊರಗೆ ತಿರುಗಾಡುವವರು. ಸಾಲು ನಿಂತದ್ದು ಕಂಡು ಓಟು ಹಾಕಿ ಬಂದರು. ಮನೆಯಲ್ಲಿದ್ದ ಹೆಂಗಸರು, ಮುದುಕಿಯರು ಬಹಳಷ್ಟು ಮಂದಿ ಹೋಗಲಿಲ್ಲ. ಅವಳ ಮಾತನ್ನು ಅವರು ಎಂದೂ ಮೀರಿದವರಲ್ಲ. ಮೋಸ ತಿಳಿಯುವ ಹೊತ್ತಿಗೆ ಬೂತಿನ ಬಾಗಿಲು ಮುಚ್ಚಿತ್ತು. ಸಂಜೆ ಅವಳ ಮನೆ ಮುಂದೆ ಜನ ಸೇರಿದ್ದರು.

"ಏನೇನಂದ್ರು?" ಕೇಳಿದೆ.

"ಗಂಟಲಾ ಎಷ್ಟಕ್ಕ ಮಾರಿದಿ ಅಂದ್ರು. ಚೊಚ್ಚಲ ಹೆರಿಗಿಗೆ ನಾನೇ ಕರ್ಕೊಂಡು ಹೋದ ಹುಡುಗಿ ಅಕಿ, ಈಗ ಮೂರು ಮಕ್ಕಳ ತಾಯಿ. ಇನ್ನ ಮ್ಯಾಲ ನಮ್ಮ ಹೊಸ್ತಿಲಾ ತುಳೀಬ್ಯಾಡ ಅಂದ್ಲು."

ಮಧ್ಯಾಹ್ನ ಅವಳಿಗೆ ನೋಟಿಸು ಬಂತು. ಚುನಾವಣೆಯ ಹೊತ್ತಿನಲ್ಲಿ ಮತದಾರರನ್ನು ದಾರಿ ತಪ್ಪಿಸಿದ ಆರೋಪ. ಏಳು ದಿನದೊಳಗೆ ವಿವರಣೆ ಕೊಡಬೇಕು, ಇಲ್ಲದಿದ್ದರೆ ಕೆಲಸದಿಂದ ತೆಗೆದು ಪೊಲೀಸರಿಗೆ ಒಪ್ಪಿಸಲಾಗುವುದು. ನೋಟಿಸಿನ ಜೊತೆಗಿದ್ದ ದೂರಿನಲ್ಲಿ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು. ಈ ಮನೆಗಳ ಎಲ್ಲ ನಂಬರುಗಳು ಒಟ್ಟಿಗೆ ಇರುವುದು ಇವಳೊಬ್ಬಳ ಹತ್ತಿರ.

ಆ ನಂಬರುಗಳನ್ನು ಅವಳಿಗೆ ಕೊಟ್ಟವಳು ನಾನು.

ನಾನು ಮೂವತ್ತೈದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳು. ಮೊದಲು ಆಪರೇಟರ್, ಕೊನೆಗೆ ಸೂಪರ್‌ವೈಸರ್. ಫೋನು ಮೂರನೇ ಸಲ ಬಾರಿಸುವುದರೊಳಗೆ ಎತ್ತಬೇಕು, ಹೇಳಿದ್ದನ್ನು ತಿರುಗಿ ಹೇಳಬೇಕು, ಗಡಿಯಾರ ನೋಡಿ ಬರೆದುಕೊಳ್ಳಬೇಕು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಕಲಿತದ್ದು ಇವತ್ತಿಗೂ ಬಿಟ್ಟಿಲ್ಲ. ನಮ್ಮ ಎಕ್ಸ್‌ಚೇಂಜಿನಲ್ಲಿ ಇನ್ನೊಂದು ರೂಢಿ ಇತ್ತು. ಪ್ರತಿ ನಂಬರಿನ ಮುಂದೆ ಕೆಂಪು ಶಾಯಿಯಲ್ಲಿ ಒಂದು ಅಕ್ಷರ ಬರೆಯುತ್ತಿದ್ದೆವು: ಕ ಅಂದರೆ ಕನ್ನಡ, ಉ ಅಂದರೆ ಉರ್ದು, ತೆ ಅಂದರೆ ತೆಲುಗು. ಆ ಮನೆಯವರನ್ನು ಅವರ ಮಾತಿನಲ್ಲೇ ಮಾತಾಡಿಸಬೇಕು ಎಂಬುದಷ್ಟೇ ಉದ್ದೇಶ. ಸಲಾಂ ಹೇಳುವಲ್ಲಿ ಶರಣು ಹೇಳಿದರೆ ಸಾವುಕಾರರು ಬೈಯುತ್ತಿದ್ದರು.

ನಿವೃತ್ತಿಯಾದ ಮೇಲೆ ನಮ್ಮ ಸುತ್ತಿನ ಮನೆಗಳ ನಂಬರುಗಳನ್ನು ಅದೇ ರೀತಿ ಒಂದು ರಿಜಿಸ್ಟರಿನಲ್ಲಿ ಬರೆದೆ. ಯಾರಾದರೂ ತೀರಿಕೊಂಡರೆ ಮಣ್ಣು ಎಷ್ಟು ಗಂಟೆಗೆ, ಜನಾಜಾ ಎಷ್ಟು ಗಂಟೆಗೆ ಎಂದು ಎಲ್ಲರಿಗೂ ಫೋನ್ ಹಚ್ಚುತ್ತಿದ್ದೆ. ನಲ್ಲಿ ನೀರು ಬಿಡುವ ಹೊತ್ತು ಬದಲಾದರೂ ಅಷ್ಟೇ. ನನ್ನ ಉರ್ದು ಕೆಲಸಕ್ಕೆ ಸಾಕಾಗುವಂಥದ್ದು, ಸಾವಿನ ಸುದ್ದಿ ಹೇಳಲು ಸಾಲದು. ಆದ್ದರಿಂದ ಉರ್ದು ಮನೆಗಳ ನಂಬರುಗಳನ್ನು ಬೇರೆ ಹಾಳೆಯಲ್ಲಿ ಬರೆದು ಅವಳಿಗೆ ಕೊಟ್ಟಿದ್ದೆ. ಆರು ವರ್ಷದಿಂದ ಆ ಮನೆಗಳಿಗೆ ಅವಳು, ಉಳಿದವಕ್ಕೆ ನಾನು.

ನೋಟಿಸು ಬಂದ ದಿನ ಸಂಜೆಯೇ ಕೆಲಸ ಶುರು ಮಾಡಿದೆ. ಯಾವ ಮನೆಗೆ ಕರೆ ಬಂತು, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಯಾವ ನಂಬರಿನಿಂದ. ಮನೆಮನೆಗೆ ಹೋಗಿ ಅವರ ಮೊಬೈಲು ನೋಡಿ ಬರೆದುಕೊಂಡೆ. ಎರಡು ಸಂಗತಿ ಕಂಡವು. ಕರೆ ಬಂದ ನಂಬರುಗಳೆಲ್ಲ ಒಂದೇ ಸರಣಿಯವು. ಕೊನೆಯ ಎರಡು ಅಂಕಿ ಮಾತ್ರ ಬೇರೆ. ಒಂದೇ ನಿಮಿಷದಲ್ಲಿ ಮೂವತ್ತು ಮನೆಗೆ ಹೋಗಿದ್ದವು, ಮೂವತ್ತೊಂದನೆಯದು ಮುಂದಿನ ನಿಮಿಷಕ್ಕೆ. ಅಂದರೆ ಮೂವತ್ತು ಕರೆ ಒಟ್ಟಿಗೆ ಹೋಗುವ ಒಂದು ಲೈನು. ಅಂಥದ್ದನ್ನು ಕಂಪನಿಗಳಿಗೆ ಮಾತ್ರ, ಕಾಗದಪತ್ರ ನೋಡಿ, ಜಾಗ ನೋಡಿ ಕೊಡುತ್ತಾರೆ. ನಂಬರಿನ ಮುಂದಿನ ಊರಿನ ಕೋಡು ಶಹಾಪುರದ್ದು. ಚುನಾವಣೆಯ ಇಂಥ ಕರೆಗೆ ಮೊದಲೇ ಚುನಾವಣಾ ಅಧಿಕಾರಿಗಳ ಒಪ್ಪಿಗೆ ಪಡೆಯಬೇಕು. ಮತದಾನಕ್ಕೆ ಮೊದಲಿನ ಎರಡು ದಿನವಂತೂ ಮಾಡುವಂತೆಯೇ ಇಲ್ಲ. ಇಲ್ಲಿ ಹೇಳಿದ್ದೇ ಸುಳ್ಳು.

ಎರಡನೇ ದಿನ ಬೆಳಿಗ್ಗೆ ಹಿಂದಿನ ಬೀದಿಯ ಗಿರ್ದಾವರರು ಕೋಲೂರಿಕೊಂಡು ಬಂದರು. ಕಂದಾಯ ಇಲಾಖೆಯಲ್ಲಿದ್ದು ನಿವೃತ್ತರಾದವರು, ಎಂಬತ್ತೇಳು ವರ್ಷ, ಹಣೆ ತುಂಬ ವಿಭೂತಿ.

"ನೋಡವಾ, ಈ ವಯಸ್ಸಿನ್ಯಾಗ ನನ್ನ ಜಾತಿ ಬದಲಿ ಮಾಡ್ಯಾರ. ನನಗೂ ಬಂದಿತ್ತು ಆ ಫೋನು. ಇಷ್ಟು ವಿಭೂತಿ ಕಾಣ್ಸಂಗಿಲ್ಲೇನು ಅವರಿಗೆ?"

"ಫೋನಿನಾಗ ಹಣಿ ಹೆಂಗ ಕಾಣ್ತದ್ರಿ?"

"ಅದೂ ಖರೇ."

"ಓಟು ಹಾಕಿದ್ರ್ಯಾ?"

"ಎಲ್ಲಿ ಹಾಕ್ಲಿ? ಅಷ್ಟು ಅದಬಿನಿಂದ, ಮರ್ಯಾದಿಲಿಂದ ಹೇಳಿದ್ಲು. ಇಂಥ ಉರ್ದು ಕೇಳಿ ಎಷ್ಟು ವರ್ಷ ಆಗಿತ್ತೋ. ಮನ್ಯಾಗ ಕುಂತೆ."

ನಗುತ್ತ ಬರೆದುಕೊಂಡೆ. ಅವರು ಹೋದ ಮೇಲೆ ನಗು ನಿಂತಿತು. ಇವರಿಗೆ ಏಕೆ ಬಂತು? ಮತದಾರರ ಪಟ್ಟಿ ಹಿಡಿದು ಹೆಸರು ನೋಡಿ ಮನೆ ಆರಿಸಿದ್ದರೆ ಈ ಲಿಂಗಾಯತ ಯಜಮಾನರ ಮನೆಗೆ ಬರಬಾರದಿತ್ತು. ಹಾಗೆಯೇ ಮೂಲೆಯಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಪಿಂಜಾರರ ಎರಡು ಮನೆಗೆ ಬರಬೇಕಿತ್ತು, ಬಂದಿರಲಿಲ್ಲ. ಅವರು ಮುಸಲ್ಮಾನರು, ಆದರೆ ಮನೆಯಲ್ಲಿ ಆಡುವುದು ಕನ್ನಡ. ಗಿರ್ದಾವರರು ಕಲಿತದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ; ಫೋನಿನಲ್ಲಿ "ಆದಾಬ್" ಅಂದರೆ ಖುಷಿಪಡುತ್ತಾರೆ ಎಂದು ನಾನೇ ಅವರ ನಂಬರಿನ ಮುಂದೆ ಉ ಎಂದು ಬರೆದಿದ್ದೆ, ಅವಳಿಗೆ ಕೊಟ್ಟ ಹಾಳೆಗೆ ಮಾತ್ರ ಸೇರಿಸಿರಲಿಲ್ಲ. ಪಿಂಜಾರರ ಮುಂದೆ ಕ ಎಂದು ಬರೆದವಳೂ ನಾನೇ.

ಒಳಗೆ ಹೋಗಿ ರಿಜಿಸ್ಟರು ತಂದು ಹೊಸದಾಗಿ ಬರೆದ ಪಟ್ಟಿಯ ಪಕ್ಕ ಇಟ್ಟೆ. ಸ್ಕೇಲು ಹಿಡಿದು ಸಾಲು ಸಾಲಾಗಿ ಹೋಲಿಸಿದೆ. ಉ ಇದ್ದ ಮನೆಗಳಿಗೆಲ್ಲ ಕರೆ ಬಂದಿತ್ತು. ಉ ಇಲ್ಲದ ಒಂದು ಮನೆಗೂ ಬಂದಿರಲಿಲ್ಲ. ಮನೆ ಖಾಲಿ ಮಾಡಿ ಹೋದವರ ಒಂದು ನಂಬರನ್ನು ನಾನು ತಿದ್ದಿರಲಿಲ್ಲ. ಅವರು ಈಗ ರಾಯಚೂರಿನಲ್ಲಿದ್ದಾರೆ. ಫೋನ್ ಹಚ್ಚಿ ಕೇಳಿದೆ. ಅವರಿಗೂ ಬಂದಿತ್ತು.

ಜನರನ್ನು ಆಡುವ ಮಾತಿನಿಂದ ವಿಂಗಡಿಸಿದ ಪಟ್ಟಿ ಯಾದಗಿರಿಯಲ್ಲಿ ಒಂದೇ ಇತ್ತು. ಅದು ನನ್ನ ಮೇಜಿನ ಮೇಲಿತ್ತು.

ಅದನ್ನು ನೋಡಿದ ಹೊರಗಿನವನು ಒಬ್ಬನೇ. ಹಿಂದಿನ ವರ್ಷ ದೀಪಾವಳಿ ಮುಗಿದ ಮೇಲೆ ಒಬ್ಬ ಮನುಷ್ಯ ಬಂದಿದ್ದ. ನಲವತ್ತೈದರ ವಯಸ್ಸು, ಒಗೆದ ಶರ್ಟು, ಕೈಯಲ್ಲೊಂದು ಫೈಲು. ಊರಿನ ಟೆಲಿಫೋನ್ ನಂಬರುಗಳ ಪುಸ್ತಕ ಮಾಡಿ ಮನೆಮನೆಗೆ ಪುಕ್ಕಟೆ ಹಂಚುತ್ತೇವೆ ಎಂದ. ಹಿಂದಿನ ದಿನ ಫೋನ್ ಹಚ್ಚಿ ಹತ್ತಕ್ಕೆ ಬರುತ್ತೇನೆ ಎಂದಿದ್ದ. ಹತ್ತಕ್ಕೆ ಸರಿಯಾಗಿ ಗೇಟಿನ ಚಿಲಕ ಸದ್ದಾಯಿತು. ನನಗೆ ಅಷ್ಟು ಸಾಕಾಯಿತು. ಹೊತ್ತಿಗೆ ಸರಿಯಾಗಿ ಬರುವವರನ್ನು ನಾನು ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಅವನು ಮೊಬೈಲಿನಲ್ಲಿ ಹಾಳೆ ಹಾಳೆ ಫೋಟೋ ತೆಗೆದ. ಪುಟ ಮಡಚದಂತೆ ನಾನು ಸ್ಕೇಲು ಒತ್ತಿ ಹಿಡಿದೆ. ಕೆಂಪು ಅಕ್ಷರಗಳು ಏನು ಎಂದು ಕೇಳಿದ. ಬಿಡಿಸಿ ಹೇಳಿದೆ. "ಇಷ್ಟು ಶಿಸ್ತಿನ ಕೆಲಸ ನಾನು ಎಲ್ಲೂ ನೋಡಿಲ್ಲಮ್ಮ," ಎಂದ. ಪುಸ್ತಕ ಬರಲಿಲ್ಲ. ಅಚ್ಚಿನವರು ತಡ ಮಾಡಿರಬೇಕು ಎಂದುಕೊಂಡು ಮರೆತೆ.

ಎರಡನೇ ದಿನದ ಮಧ್ಯಾಹ್ನ ಅವಳು ಬಂದಳು. ಬೆಳಿಗ್ಗೆ ಬಾಣಂತಿಯೊಬ್ಬಳನ್ನು ನೋಡಲು ಹೋದರೆ ಬಾಗಿಲು ತೆಗೆಯಲಿಲ್ಲವಂತೆ. ಕೂಸಿಗೆ ಕಾಮಾಲೆ ಇದ್ದಂತೆ ಕಂಡಿತ್ತು, ಎರಡನೇ ಸಲ ನೋಡಬೇಕಿತ್ತು. ಕಿಟಕಿಯಿಂದಲೇ ಕಣ್ಣು ತೋರಿಸಿ ಎಂದು ಬೇಡಿಕೊಂಡು ನೋಡಿ ಬಂದಿದ್ದಳು.

"ಏನರ ಸಿಕ್ತೇನ್ರಿ ಅಕ್ಕಾ?" ಎಂದಳು.

"ಲೈನು ಶಹಾಪುರದ್ದು. ನಾಳಿ ಹೋಗ್ತೀನಿ," ಎಂದೆ.

ರಿಜಿಸ್ಟರಿನ ಮಾತು ಹೇಳಲಿಲ್ಲ. ಕಂಪನಿ ಸಿಕ್ಕರೆ ಅದನ್ನು ಹೇಳುವ ಪ್ರಸಂಗವೇ ಬರುವುದಿಲ್ಲ ಎಂದು ಆ ಗಳಿಗೆಯಲ್ಲೇ ಲೆಕ್ಕ ಹಾಕಿದ್ದೆ. ಇದನ್ನು ಬೇರೆ ಮಾತಿನಲ್ಲಿ ಬರೆಯಬಹುದು, ಆದರೆ ಆದದ್ದು ಇಷ್ಟೇ.

ಮೂರನೇ ದಿನ ಏಳರ ಬಸ್ಸು ಹಿಡಿದೆ. ಡಬ್ಬಿಯಲ್ಲಿ ಎರಡು ರೊಟ್ಟಿ, ಪುಂಡಿ ಪಲ್ಯ. ಭೀಮೆಯ ಸೇತುವೆ ದಾಟುವಾಗ ಕಂಡಕ್ಟರು ಆಧಾರ್ ನೋಡಿ ಸೊನ್ನೆಯ ಟಿಕೆಟು ಹರಿದು ಕೊಟ್ಟ. ಹೊಳೆಯಲ್ಲಿ ನೀರು ಅಲ್ಲಲ್ಲಿ ಮಡುವಾಗಿ ನಿಂತಿತ್ತು. ಶಹಾಪುರದಲ್ಲಿ ನನ್ನ ಕೈಕೆಳಗೆ ಕೆಲಸ ಮಾಡಿದ ಲೈನ್‌ಮನ್ ಒಬ್ಬ ಇದ್ದಾನೆ. ಈಗ ಗುತ್ತಿಗೆಯ ಮೇಲೆ ಕೇಬಲು ಎಳೆಯುತ್ತಾನೆ. ನಂಬರು ತೋರಿಸಿದೆ. ಅವನು ತಲೆ ತುರಿಸಿಕೊಂಡ.

"ಮೇಡಮ್ನೋರ, ಇದು ಹೇಳಬಾರ್ದ್ರಿ. ನಮ್ಮ ಕೆಲಸ ಹೋಗ್ತದ."

"ಹೇಳಬ್ಯಾಡ. ಬಾಯಿಂದ ಒಂದ್ ಮಾತೂ ಬ್ಯಾಡ. ಹ್ವಾದ ಚಳಿಗಾಲದಾಗ ದೊಡ್ಡ ಕೇಬಲ್ ಎಲ್ಲೆಲ್ಲಿ ಎಳದೀಯೋ ಆ ಬೀದಿಯಾಗ ನನ್ನ ಸಂಗಾಟ ಅಡ್ಡಾಡು."

"ನೀವು ಇನ್ನೂ ಹಂಗ ಅದೀರಿ," ಎಂದು ನಕ್ಕ. ನಡೆದೆವು. ಒಂದು ಬೀಜ-ಗೊಬ್ಬರದ ಅಂಗಡಿಯ ಮುಂದೆ ಅವನು ನಿಂತು ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಂಡ. ಬಹಳ ಹೊತ್ತು ಸರಿಮಾಡಿಕೊಂಡ. ಮೇಲೆ ನೋಡಿದರೆ ಕಪ್ಪು ಕೇಬಲು ಮಹಡಿಯ ಕೋಣೆಗೆ ಹೋಗಿತ್ತು.

ಅಂಗಡಿಯ ಮಾಲೀಕರೇ ಕಟ್ಟಡದ ಯಜಮಾನರು. ಮಹಡಿಯನ್ನು ಬಾಡಿಗೆ ಹಿಡಿದದ್ದು ಹೆಸರಿನ ತುಂಬ ವಿನಯ ಇದ್ದ ಒಂದು ಕಂಪನಿ. ಹೆಸರಿನಲ್ಲಿ ಸೇವೆ ಎಂಬ ಮಾತೂ ಇತ್ತು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

"ಭಾಳ ಛಲೋ ಬಾಡಗಿದಾರರು ಇದ್ರು ಬಿಡ್ರಿ," ಎಂದರು ಅವರು. "ಗದ್ದಲ ಇಲ್ಲ, ನೀರು ಕೇಳ್ತಿದ್ದಿಲ್ಲ, ಕಸ ಹಾಕ್ತಿದ್ದಿಲ್ಲ."

"ಎಷ್ಟು ಮಂದಿ ಇದ್ರು?"

"ಮಂದಿ ಎಲ್ಲಿದ್ರು? ಎರಡು ಡಬ್ಬಿ ಇದ್ವು, ಸಣ್ಣಂಗ ಗುಂಯ್ ಅಂತಿದ್ವು. ಒಂದು ಫ್ಯಾನು ಇಪ್ಪತ್ನಾಕು ತಾಸು ಡಬ್ಬಿಗೇ. ನನಗ ಇಲ್ಲಿ ಬೆವರು ಸುರೀತಿತ್ತು, ಅವಕ್ಕ ಗಾಳಿ! ಓಟಿನ ದಿನ ಸಂಜಿಗೆ ಬಂದು ಬಿಚ್ಚಿಕೊಂಡು ಹೋದ್ರು."

ಕೋಣೆ ತೆಗೆಸಿ ನೋಡಿದೆ. ಗುಡಿಸಿ ಸ್ವಚ್ಛ ಮಾಡಿ ಹೋಗಿದ್ದರು. ಬಾಗಿಲಿನ ಹೊರಗೆ, ಕಾನೂನಿನ ಪ್ರಕಾರ ಹಾಕಲೇಬೇಕಾದ ರಟ್ಟಿನ ಬೋರ್ಡು ಮಾತ್ರ ಉಳಿದಿತ್ತು: ಕಂಪನಿಯ ಹೆಸರು, ಕೆಳಗೆ ಜಿಎಸ್‌ಟಿ ನಂಬರು. ಆ ನಂಬರು ಇದ್ದರೆ ವಿಳಾಸ ಯಾರು ಬೇಕಾದರೂ ನೋಡಬಹುದು. ಮೆಟ್ಟಿಲ ಮೇಲೆ ಕುಳಿತು ಮೊಬೈಲಿನಲ್ಲಿ ನೋಡಿದೆ. ಕಂಪನಿಯ ಮುಖ್ಯ ಕಚೇರಿ ಸುರಪುರದಲ್ಲಿತ್ತು, ಡೈರೆಕ್ಟರೊಬ್ಬರ ಹೆಸರೂ ಸಿಕ್ಕಿತು.

ಮುಖ್ಯ ಕಚೇರಿಗೆ ಮರುದಿನ ಹೋದೆ. ಗಲ್ಲಿಯೊಳಗಿನ ಒಂದಂಕಣದ ಮನೆ, ಮುಂದೆ ತಗಡಿನ ಚಪ್ಪರ, ಚಪ್ಪರದ ಕೆಳಗೆ ಒಬ್ಬಾತ ಇದ್ದಿಲ ಇಸ್ತ್ರಿ ಪೆಟ್ಟಿಗೆ ಹಿಡಿದು ಪ್ಯಾಂಟು ತೀಡುತ್ತಿದ್ದ. ಕಂಪನಿಯ ಹೆಸರು ಹೇಳಿದೆ. ಅವನಿಗೆ ಗೊತ್ತಾಗಲಿಲ್ಲ. ಅವನ ಹೆಸರು ಕೇಳಿದೆ; ಮೊಬೈಲಿನಲ್ಲಿ ಕಂಡದ್ದು ಅದೇ ಹೆಸರು, ನೀವು ಇದರ ಡೈರೆಕ್ಟರ್ ಅಂತ ಬರೆದಿದೆ ಎಂದೆ. ಒಳಗಿನಿಂದ ಅವನ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು.

"ಏನಂದ್ರಿ? ಡೈರೆಕ್ಟರಾ? ಬರ್ರಿ ಬರ್ರಿ, ಕೂಡ್ರಿ. ಡೈರೆಕ್ಟರ್ ಸಾಹೇಬ್ರು ಪ್ಯಾಂಟಿಗಿ ಇಸ್ತ್ರಿ ಹೊಡ್ಯಾಕತ್ಯಾರ, ಮುಗಿದ ಮ್ಯಾಲ ಮಾತಾಡ್ತಾರ!"

"ಸುಮ್ನಿರು," ಎಂದ ಅವನು.

"ಯಾಕ ಸುಮ್ನಿರ್ಲಿ? ನಾ ಅವತ್ತ ಹೇಳಿದ್ದೆ, ಆ ಮನುಷ್ಯಾ ಯಾಕ ನಮ್ಮ ಆಧಾರ್ ಕೇಳ್ತಾನ ಅಂತ. ನಿನಗ ಪಿಂಚಣಿ ಕೊಡಸ್ತಾನಂತ, ಪಿಂಚಣಿ! ಹೆಬ್ಬಟ್ಟು ಒತ್ತಿಸ್ಕೊಂಡ, ಸಹಿ ಮಾಡಿಸ್ಕೊಂಡ, ಕಣ್ಣಿನ ಫೋಟೋ ತಗದ. ಪಿಂಚಣಿ ಬಂತಾ?"

"ಯಾರು ಆ ಮನುಷ್ಯಾ? ಹೆಂಗಿದ್ದ?" ಕೇಳಿದೆ.

ಇಸ್ತ್ರಿಯವನು ಪೆಟ್ಟಿಗೆ ಪಕ್ಕಕ್ಕಿಟ್ಟು ಯೋಚಿಸಿದ. "ದೊಡ್ಡ ಮಂದಿ ಇದ್ದಂಗಿದ್ರು ನೋಡ್ರಿ. ಫೈಲು ಹಿಡಕೊಂಡು ಬಂದಿದ್ರು. ಒಂಬತ್ತಕ್ಕ ಬರ್ತೀನಿ ಅಂದಿದ್ರು, ಒಂಬತ್ತಂದ್ರ ಒಂಬತ್ತಕ್ಕ ಬಂದ್ರು. ಇಂಥ ಮನುಷ್ಯಾ ಸುಳ್ಳು ಹೇಳ್ತಾನೇನು ಅನಿಸ್ತು."

ನಾನು ಅವನ ಹೆಂಡತಿಯ ಮುಖ ನೋಡಲಾರದೆ ನೀರು ಕೇಳಿದೆ.

ಅವನಿಗೆ ಬಂದ ಲಕೋಟೆಗಳನ್ನೆಲ್ಲ ಅವನು ಒಡೆಯದೆ ಒಂದು ಚೀಲದಲ್ಲಿ ಇಟ್ಟಿದ್ದ. ಸರ್ಕಾರದ ಕಾಗದ, ಎಸೆಯಬಾರದು ಎಂದು. ಒಡೆದು ಓದಿ ಎಂದು ನನ್ನ ಮುಂದೆ ಸುರುವಿದ. ಶಹಾಪುರದ ಲೈನು ಮಂಜೂರಾದ ಪತ್ರ ಸಿಕ್ಕಿತು. ಅರ್ಜಿದಾರರು ಇಬ್ಬರು ಡೈರೆಕ್ಟರುಗಳು: ಒಬ್ಬ ಇವನು, ಇನ್ನೊಂದು ಹೆಸರು ಹೈದರಾಬಾದಿನ ವಿಳಾಸದ್ದು. ಆ ವಿಳಾಸಕ್ಕೆ ಕಳಿಸಿದ್ದ ಒಂದು ಪತ್ರ ಅಂಥವರು ಇಲ್ಲಿಲ್ಲ ಎಂಬ ಮುದ್ರೆ ಹೊತ್ತು ಇಲ್ಲಿಗೇ ಮರಳಿ ಬಂದಿತ್ತು. ಫೈಲಿನ ಮನುಷ್ಯನ ಹೆಸರು ಎಲ್ಲಿಯೂ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಬಂದು, ಹೊತ್ತಿಗೆ ಸರಿಯಾಗಿ ಹೋಗಿದ್ದ.

ಕಾಗದಗಳ ಝೆರಾಕ್ಸು ಮಾಡಿಸಿಕೊಳ್ಳಲೇ ಎಂದು ಕೇಳಿದೆ. "ನಮಗೇನರ ತ್ರಾಸ್ ಆಗ್ತದೇನ್ರಿ?" ಎಂದಳು ಹೆಂಡತಿ. ಆಗಲಿಕ್ಕಿಲ್ಲ, ನಿಮಗೂ ಮೋಸವಾಗಿದೆ ಎಂದು ನಾನೇ ಬರೆದುಕೊಡುತ್ತೇನೆ ಎಂದೆ. ಅವಳು ನನ್ನ ವಯಸ್ಸು ನೋಡಿ ನಂಬಿದಳು.

ಐದನೇ ದಿನ ಬೆಳಿಗ್ಗೆ ವಿವರಣೆ ಬರೆದೆ. ಕರೆಗಳ ವೇಳೆ, ನಂಬರುಗಳ ಸರಣಿ, ಶಹಾಪುರದ ಕೋಣೆ, ಸುರಪುರದ ಕಾಗದ. ಮೂರು ಪುಟ, ಚಿತ್ತು ಕಾಟು ಇಲ್ಲದೆ. ಪಟ್ಟಿಯ ಮಾತು ಇರಲಿಲ್ಲ. ಅವಳಿಗೆ ಓದಿ ಹೇಳಿದಾಗ ಅವಳು ನನ್ನ ಕೈ ಹಿಡಿದುಕೊಂಡಳು.

"ನೀವಿಲ್ದಿದ್ರ ನಾ ಏನ್ ಮಾಡ್ತಿದ್ದೆ ಅಕ್ಕಾ?"

ನಾನು ಕೈ ಬಿಡಿಸಿಕೊಂಡು ಹಾಳೆಗಳಿಗೆ ಪಿನ್ನು ಹಾಕಿದೆ.

ಆರನೇ ದಿನ ಇಬ್ಬರೂ ವಿಚಾರಣೆಯ ಅಧಿಕಾರಿಯ ಹತ್ತಿರ ಹೋದೆವು. ನಡುವಯಸ್ಸಿನ ಮನುಷ್ಯ, ಕೆಟ್ಟವರಲ್ಲ. ಪೂರ್ತಿ ಓದಿದರು. ಕೆಲವೆಡೆ ತಿರುಗಿ ಓದಿದರು.

"ಇದು ನಮ್ಮವರು ಮಾಡಬೇಕಾದ ಕೆಲಸ, ನೀವು ಮಾಡಿದ್ದೀರಿ," ಎಂದರು. "ಕಂಪನಿ ಇತ್ತು, ಕರೆ ಮಾಡಿದ್ದು ಅದೇ. ಒಪ್ಪಿದೆ. ಆದರೆ ಅದರಿಂದ ಈಕೆ ಹೇಗೆ ಬಿಡುಗಡೆ ಆಗುತ್ತಾಳೆ? ದೂರು ಇರುವುದೇ ಈಕೆ ಆ ಕಂಪನಿಗೆ ದನಿ ಕೊಟ್ಟಳು, ನಂಬರು ಕೊಟ್ಟಳು ಎಂದು. ದನಿ ಗ್ರೂಪಿನಿಂದ ಕದ್ದಿರಬಹುದು, ಸರಿ. ನಂಬರು? ಈ ಮನೆಗಳ ಪಟ್ಟಿ ಈಕೆಯ ಹತ್ತಿರ ಅಲ್ಲದೆ ಮತ್ತಾರ ಹತ್ತಿರ ಇದೆ?"

ಅವಳು ನನ್ನ ಕಡೆ ನೋಡಿದಳು. ಅವಳ ನೋಟದಲ್ಲಿ ಸಂಶಯ ಇರಲಿಲ್ಲ. ಅಕ್ಕ ಇದಕ್ಕೂ ಉತ್ತರ ಹುಡುಕಿರುತ್ತಾಳೆ ಎಂಬ ಭರವಸೆ ಇತ್ತು.

"ನಾಳೆ ಹನ್ನೊಂದಕ್ಕೆ ಬರ್ತೀವ್ರಿ," ಎಂದೆ.

ಆ ಇಡೀ ದಿನ ನಾನು ಮಾಡಿದ್ದನ್ನು ಬರೆಯುತ್ತೇನೆ. ಮನೆಗೆ ಬಂದು ಬಟ್ಟೆ ಒಗೆದೆ. ಒಗೆದ ಬಟ್ಟೆಯನ್ನು ಇನ್ನೊಮ್ಮೆ ಒಗೆದೆ. ಬೇರೆ ಯಾರ ಹತ್ತಿರವಾದರೂ ಪಟ್ಟಿ ಇರಬಹುದೇ ಎಂದು ಯೋಚಿಸಿದೆ: ಗ್ಯಾಸಿನವರು, ರೇಷನ್ನಿನವರು, ಮೊಬೈಲು ರಿಚಾರ್ಜಿನ ಅಂಗಡಿ. ಹಾಗೆಂದು ಬರೆದರೆ ಅಧಿಕಾರಿ ಒಪ್ಪಿದರೂ ಒಪ್ಪಬಹುದು. ಆದರೆ ಗಿರ್ದಾವರರಿಗೆ ಬಂದದ್ದು, ಪಿಂಜಾರರಿಗೆ ಬಾರದ್ದು, ರಾಯಚೂರಿಗೆ ಹೋದದ್ದು ನನ್ನ ಕೈಬರಹದಷ್ಟೇ ಸ್ಪಷ್ಟವಾಗಿ ನನ್ನ ತಪ್ಪುಗಳು. ಅವಳನ್ನು ಬಿಡಿಸುವ ಪುರಾವೆ ಇದ್ದದ್ದು ಅದೊಂದೇ. ಅದನ್ನು ನಾನು ಎರಡನೇ ದಿನದಿಂದ ಮೇಜಿನ ಖಾನೆಯಲ್ಲಿ ಇಟ್ಟುಕೊಂಡು ಕುಳಿತಿದ್ದೆ.

ಏಳನೇ ದಿನ ಬೆಳಿಗ್ಗೆ ಐದೂವರೆಗೆ ನಾಲ್ಕನೇ ಪುಟ ಬರೆದೆ. ಪಟ್ಟಿ ನನ್ನದು. ಗುರುತುಗಳು ನನ್ನವು. ಇಂಥ ಚಹರೆಯ ಮನುಷ್ಯನಿಗೆ ಫೋಟೋ ತೆಗೆಯಲು ಕೊಟ್ಟವಳು ನಾನು, ಗುರುತುಗಳ ಅರ್ಥ ಹೇಳಿದವಳು ನಾನು. ಈಕೆಯ ಹತ್ತಿರ ಇದ್ದದ್ದು ಗುರುತಿಲ್ಲದ ಹಾಳೆ, ಅದರಲ್ಲಿ ರಾಯಚೂರಿಗೆ ಹೋದವರ ನಂಬರನ್ನು ಈಕೆ ಆಗಲೇ ಹೊಡೆದುಹಾಕಿದ್ದಾಳೆ, ಗಿರ್ದಾವರರ ನಂಬರು ಇಲ್ಲವೇ ಇಲ್ಲ. ಅವರಿಗೆ ಆದಾಬ್ ಹೇಳುವ ಕೆಲಸವನ್ನು ನಾನು ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ. ಇಸ್ತ್ರಿಯವನಿಗೆ ಆದ ಮೋಸವನ್ನೂ ಬರೆದೆ. ರಿಜಿಸ್ಟರನ್ನು ಅಡಕವಾಗಿ ಸೇರಿಸಿದೆ.

ಹತ್ತೂಮುಕ್ಕಾಲಿಗೆ ಕಚೇರಿಯ ವರಾಂಡದ ಬೆಂಚಿನ ಮೇಲೆ ಅದನ್ನು ಅವಳ ಕೈಗೆ ಕೊಟ್ಟೆ. ವಿವರಣೆ ಅವಳದು, ಅವಳು ಓದಿ ಸಹಿ ಮಾಡಬೇಕು. ಅವಳು ನಾಲ್ಕನೇ ಪುಟವನ್ನು ಓದಿದಳು. ಆಮೇಲೆ ರಿಜಿಸ್ಟರು ತೆಗೆದಳು. ಅದನ್ನು ಅವಳು ಹಿಂದೆ ಎಂದೂ ತೆರೆದು ನೋಡಿರಲಿಲ್ಲ. ಬೆರಳು ಸರಿಸುತ್ತ ಹೋಗಿ ಒಂದು ಸಾಲಿನಲ್ಲಿ ನಿಂತಳು.

"ಇದು ನಮ್ಮ ಮನಿ. ಮುಂದ ಏನದ ಇದು?"

"ಉ."

"ನಿಮ್ಮ ಸಂಗಾಟ ನಾ ಯಾವತ್ತರ ಉರ್ದು ಮಾತಾಡೀನೇನ್ರಿ?"

"ಇಲ್ಲ. ನಿಮ್ಮ ಅತ್ತಿ ಮಾತಾಡ್ತಿದ್ರಲ್ಲ, ಅದಕ್ಕ..."

"ಅತ್ತಿ ಸತ್ತು ನಾಕು ವರ್ಷ ಆತು. ಜನಾಜಾ ಎಷ್ಟಕ್ಕ ಅಂತ ನೀವೂ ಮಂದಿಗೆ ಫೋನ್ ಹಚ್ಚೀರಿ."

ಅವಳು ಇನ್ನೆರಡು ಪುಟ ತಿರುವಿದಳು. ಕೆಂಪು ಅಕ್ಷರಗಳು ಒಂದರ ಕೆಳಗೊಂದು ನೇರವಾಗಿ, ಅಂಚು ಕಟ್ಟಿದ ಹಾಗೆ ಇದ್ದವು.

"ಯಾವಾಗ ಗೊತ್ತಾತ್ರಿ ನಿಮಗ?"

"ಎರಡನೇ ದಿನ."

"ಇವತ್ತ ಏಳನೇದು."

"ಹೌದು."

"ನಡುವ ಐದು ದಿನ ನಾ ಮನಿ ಮನಿ ಮುಂದ ನಿಂತು ಕುರಾನ್ ಮ್ಯಾಲ ಆಣಿ ಮಾಡೀನ್ರಿ, ನಂಬರ ಯಾರಿಗೂ ಕೊಟ್ಟಿಲ್ಲ ಅಂತ. ಮುದುಕಿ ಒಬ್ಬಾಕಿ ನನ್ನ ಕಾಲ ಮುಂದ ಉಗುಳಿದ್ಲು. ಮೊನ್ನಿ ನಾನು ನಿಮಗ ಅದನ್ನೂ ಹೇಳೀನಿ. ನೀವು ಚಹಾ ಕೊಟ್ರಿ."

ಸಿಪಾಯಿ ಬಾಗಿಲಲ್ಲಿ ಬಂದು ಹನ್ನೊಂದಾಯಿತು ಎಂದ. ಅವಳು ನನ್ನ ಪೆನ್ನು ತೆಗೆದುಕೊಳ್ಳಲಿಲ್ಲ. ತನ್ನ ಚೀಲದಿಂದ, ಕೂಸುಗಳ ತೂಕ ಬರೆಯುವ ಪೆನ್ನು ತೆಗೆದು ನಾಲ್ಕೂ ಪುಟಕ್ಕೆ ಸಹಿ ಮಾಡಿದಳು.

ಹದಿನೈದು ದಿನಕ್ಕೆ ಆದೇಶ ಬಂತು. ಆರೋಪ ಕೈಬಿಡಲಾಗಿದೆ, ಕೆಲಸ ಮುಂದುವರಿಯುತ್ತದೆ. ಆದೇಶದ ಪ್ರತಿಯನ್ನು ಅವಳು ಮಸೀದಿಯ ಗೋಡೆಗೂ ಅಂಗನವಾಡಿಯ ಬಾಗಿಲಿಗೂ ಅಂಟಿಸಿದಳು. ಕೆಲವು ಮನೆಗಳು ಅವಳಿಗೆ ಬಾಗಿಲು ತೆರೆದವು, ಕೆಲವು ಇನ್ನೂ ತೆರೆದಿಲ್ಲ. ಕಾಮಾಲೆಯ ಕೂಸು ಚೆನ್ನಾಗಿದೆ. ಇಸ್ತ್ರಿಯವನನ್ನು ಪೊಲೀಸರು ಮೂರು ಸಲ ಕರೆಸಿದ್ದಾರೆ. ಕಾಗದದ ಮೇಲೆ ಇರುವುದು ಅವನ ಹೆಸರೇ ಆದ್ದರಿಂದ ಇನ್ನೂ ಕರೆಸುತ್ತಾರೆ. ಪ್ರತಿ ಸಲ ನಾನೂ ಹೋಗಿ ನನ್ನ ಹೇಳಿಕೆ ತಿರುಗಿ ಹೇಳಿ ಬರುತ್ತೇನೆ. ಅವನ ಹೆಂಡತಿ ಈಗ ನನ್ನ ಸಂಗಡ ಮಾತಾಡುವುದಿಲ್ಲ. ಕಂಪನಿಯನ್ನು ಮುಚ್ಚಲಾಗಿದೆ ಎಂದು ಅದೇ ಮೊಬೈಲಿನಲ್ಲಿ ನೋಡಿದರೆ ಕಾಣುತ್ತದೆ. ಅದನ್ನು ಮುಚ್ಚಿದ ಅರ್ಜಿಯ ಮೇಲೂ ಅವನದೇ ಸಹಿ ಇದೆಯಂತೆ.

ನನ್ನ ರಿಜಿಸ್ಟರು ಕಚೇರಿಯಲ್ಲಿ ಪುರಾವೆಯಾಗಿ ಉಳಿದಿದೆ. ನಾನು ಹೊಸದು ಬರೆದಿಲ್ಲ. ಅವಳು ಬೀದಿಯಲ್ಲಿ ಎದುರಾದರೆ ಆರಾಮ ಇದ್ದೀರಾ ಎಂದು ಕೇಳುತ್ತಾಳೆ, ಮರ್ಯಾದೆಗೆ ಕಡಿಮೆ ಮಾಡುವುದಿಲ್ಲ. ಸಾವಿನ ಸುದ್ದಿಯನ್ನು ಅವಳು ಈಗ ಯಾರಿಗೂ ಫೋನಿನಲ್ಲಿ ಹೇಳುವುದಿಲ್ಲ. ಫೋನಿನಲ್ಲಿ ಆ ದನಿ ಕೇಳಿದರೆ ಜನ ಕಟ್ ಮಾಡುತ್ತಾರೆ. ಆದ್ದರಿಂದ ಸೂಜಿಯ ಚೀಲ ಹೆಗಲಿಗೆ ಹಾಕಿಕೊಂಡು ನಡೆದು ಹೋಗಿ, ಬಾಗಿಲಲ್ಲಿ ನಿಂತು ಹೇಳುತ್ತಾಳೆ.

ಹೋದ ತಿಂಗಳು ಆ ಮನೆಗಳಲ್ಲಿ ಒಬ್ಬ ಮುದುಕಿ ತೀರಿಕೊಂಡಳು. ನನ್ನ ಜೊತೆ ಮೂವತ್ತು ವರ್ಷದ ಬಳಕೆ. ನನಗೆ ಮೂರನೇ ದಿನ, ಹಾಲಿನವನಿಂದ ಗೊತ್ತಾಯಿತು.